ಲೋಟದಲ್ಲಿ ಎರಡು ಚಮಚ, ತಟ್ಟೆಯಲ್ಲಿ ಹದಿನೆಂಟು

ನಮ್ಮ ತಾಲ್ಲೂಕಿನ ಗ್ರಂಥಾಲಯದ ಮಹಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಸಕ್ಕರೆ ಕಾಯಿಲೆ ಮತ್ತು ಊಟದ ಬಗ್ಗೆ ಆಡಿದ ಮಾತುಗಳಿವು. ಕೇಳಲು ಬಂದಿದ್ದವರಲ್ಲಿ ಕೆಲವರು ಬರೆದುಕೊಡಿ ಎಂದು ಕೇಳಿದರು. ಮಧ್ಯೆ ಮಧ್ಯೆ ಬಂದ ಪ್ರಶ್ನೆಗಳನ್ನೂ ಬಂದ ಜಾಗದಲ್ಲೇ ಇಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮಾತಿಗೆ ಮುಂಚೆ ಒಂದು ಸಣ್ಣ ಕೆಲಸ ಮಾಡೋಣ. ಮೇಜಿನ ಮೇಲೆ ಅಡುಗೆಮನೆಯ ಒಂದು ತಕ್ಕಡಿ ಇದೆ, ಬ್ಯಾಟರಿ ಹಾಕಿದ್ದು. ಪಕ್ಕದಲ್ಲಿ ಸ್ಟೀಲ್ ತಟ್ಟೆ. ಈ ಡಬ್ಬಿಯಲ್ಲಿ ಬೆಳಿಗ್ಗೆ ನಾನೇ ಮಾಡಿ ತಂದ ಅನ್ನ, ಸೋನಾ ಮಸೂರಿ ಅಕ್ಕಿಯದು. ಮುಂದಿನ ಸಾಲಿನ ಅಮ್ಮ, ನೀವು ಸ್ವಲ್ಪ ಬರ್ತೀರಾ?

ಅವರು ಬಂದರು. ಮನೆಯಲ್ಲಿ ಶುಗರ್ ಯಾರಿಗಿದೆ ಎಂದು ಕೇಳಿದೆ. "ನಮ್ಮನೆಯವರಿಗೆ. ಎಂಟು ವರ್ಷ ಆಯ್ತು" ಅಂದರು. ಮಧ್ಯಾಹ್ನ ಅವರಿಗೆ ಎಷ್ಟು ಬಡಿಸುತ್ತೀರೋ ಅಷ್ಟೇ ಇಲ್ಲಿ ಬಡಿಸಿ, ನನಗೋಸ್ಕರ ಕಡಿಮೆ ಮಾಡಬೇಡಿ ಅಂದೆ. ಎರಡು ಸೌಟು ಹಾಕಿದರು. ನನ್ನ ಮುಖ ನೋಡಿ ಇನ್ನರ್ಧ ಸೌಟು ಹಾಕಿದರು. "ಇದು ಸಾರಿಗೆ. ಮಜ್ಜಿಗೆಗೆ ಮತ್ತೆ ಸ್ವಲ್ಪ ಹಾಕ್ತೀನಿ" ಅಂದರು. ಅದನ್ನೂ ಹಾಕಿಸಿದೆ. ತಟ್ಟೆಯ ತೂಕ ಕಳೆದರೆ 330 ಗ್ರಾಂ ಅನ್ನ.

"ನಿಮ್ಮನೆಯವರು ಕಾಫಿಗೆ ಸಕ್ಕರೆ ಹಾಕ್ಕೊಳ್ತಾರಾ?" ಎಂದು ಕೇಳಿದೆ. "ಇಲ್ಲ ಮೇಡಂ, ಎಂಟು ವರ್ಷದಿಂದ ಒಂದು ಕಾಳು ಸಕ್ಕರೆ ಮುಟ್ಟಿಲ್ಲ. ಆದ್ರೂ ಕಂಟ್ರೋಲ್‌ಗೆ ಬರ್ತಿಲ್ಲ" ಅಂದರು. ಹೇಳುವಾಗ ಅವರ ದನಿ ಸ್ವಲ್ಪ ತಗ್ಗಿತು.

ಈಗ ಲೆಕ್ಕ ನೋಡಿ. 100 ಗ್ರಾಂ ಬಿಳಿ ಅನ್ನದಲ್ಲಿ ಸುಮಾರು 28 ಗ್ರಾಂ ಪಿಷ್ಟ ಇರುತ್ತದೆ. 330 ಗ್ರಾಂಗೆ 92 ಗ್ರಾಂ. ಒಂದು ಚಮಚ ಸಕ್ಕರೆ ಅಂದರೆ 5 ಗ್ರಾಂ. ತೂಕಕ್ಕೆ ತೂಕ ಇಟ್ಟರೆ ಈ ತಟ್ಟೆಯಲ್ಲಿರುವುದು ಹದಿನೆಂಟು ಚಮಚ. ಇನ್ನೊಂದು ವಿಷಯ ಇದೆ. ಸಕ್ಕರೆ ಹೊಟ್ಟೆಗೆ ಹೋದರೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಆಗಿ ಒಡೆಯುತ್ತದೆ. ಅನ್ನದ ಪಿಷ್ಟ ಒಡೆದರೆ ಪೂರ್ತಿ ಗ್ಲೂಕೋಸ್. ಗ್ಲೂಕೋಮೀಟರ್‌ನಲ್ಲಿ ನೀವು ನೋಡುವುದು ಅದನ್ನೇ. ಆ ಯಜಮಾನರು ಕಾಫಿ ಲೋಟಕ್ಕೆ ಹಾಕುವ ಎರಡು ಚಮಚ ಸಕ್ಕರೆಯನ್ನು ಬಿಟ್ಟರು, ಅದು ದೊಡ್ಡ ಸಂಯಮವೇ. ತಟ್ಟೆಯ ಹದಿನೆಂಟರ ಬಗ್ಗೆ ಅವರಿಗೆ ಯಾರೂ ಹೇಳಲಿಲ್ಲ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇಷ್ಟನ್ನೇ. ನಾಲಿಗೆಗೆ ಸಿಹಿ ಗೊತ್ತಾಗುವ ಸಕ್ಕರೆಯನ್ನು ನಾವು ಕಾವಲು ಕಾಯುತ್ತೇವೆ. ಸಪ್ಪೆಯಾಗಿ ಬರುವ ಸಕ್ಕರೆ ನಮ್ಮ ಕಣ್ಣಿಗೇ ಬೀಳುವುದಿಲ್ಲ.

ಇದು ಆ ಒಂದು ಮನೆಯ ಕಥೆಯಾಗಿದ್ದರೆ ಸುಮ್ಮನಿರಬಹುದಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಗಡಿಯಲ್ಲಿ ನಿಂತಿದ್ದಾರೆ. ಅದೇ ತಂಡ 2025ರಲ್ಲಿ ನಮ್ಮ ಊಟದ ಲೆಕ್ಕವನ್ನೂ ಹೊರಗೆ ತಂದಿತು. ನಮಗೆ ದಿನಕ್ಕೆ ಊಟದಿಂದ ಸಿಗುವ ಶಕ್ತಿಯಲ್ಲಿ ಶೇಕಡಾ 62ರಷ್ಟು ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತದಂತೆ. ಬೇಳೆ, ಕಾಳು, ಮೊಸರು, ಮೊಟ್ಟೆ, ಮೀನಿನ ಪಾಲು ತೀರಾ ಕಡಿಮೆ. ಪಿಷ್ಟದ ಒಂದು ಸಣ್ಣ ಪಾಲನ್ನು ತೆಗೆದು ಆ ಜಾಗಕ್ಕೆ ಇವುಗಳನ್ನು ಇಟ್ಟುಕೊಂಡವರಲ್ಲಿ ಕಾಯಿಲೆಯ ಅಪಾಯ ಕಡಿಮೆ ಕಂಡಿತು. ಆದರೆ ಬಿಳಿ ಅಕ್ಕಿ ಬಿಟ್ಟು ಅಷ್ಟೇ ಪ್ರಮಾಣದ ಗೋಧಿ ಹಿಟ್ಟೋ ಸಿರಿಧಾನ್ಯದ ಹಿಟ್ಟೋ ತಿಂದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಈ ಕೊನೆಯ ಮಾತು ನಮ್ಮ ಭಾಗದವರಿಗೆ ಕಷ್ಟ. ಯಾಕೆಂದರೆ ನಮಗೆ ಮುದ್ದೆ ಇದೆ. "ಮುದ್ದೆ ತಿನ್ನೋರಿಗೆ ಶುಗರ್ ಬರಲ್ಲ" ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದಿದ್ದೇವೆ. ರಾಗಿ ಒಳ್ಳೆಯದೇ, ನಾನೂ ತಿನ್ನುತ್ತೇನೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಸುಣ್ಣದ ಅಂಶವಂತೂ ರಾಗಿಯಲ್ಲಿ 360 ಮಿಲಿಗ್ರಾಂ ದಾಟುತ್ತದೆ. ಆದರೆ ಅದೇ 100 ಗ್ರಾಂನಲ್ಲಿ 67 ಗ್ರಾಂ ಪಿಷ್ಟವೂ ಇದೆ. ಹೊಲಕ್ಕೆ ಹೋಗುವವರಿಗೆ ಕಟ್ಟುವ ದೊಡ್ಡ ಮುದ್ದೆಗೆ ನೂರು ಗ್ರಾಂ ಹಿಟ್ಟು ಸುಲಭವಾಗಿ ಹಿಡಿಯುತ್ತದೆ. ನಮ್ಮ ತಾತ ಅಂಥ ಎರಡು ಮುದ್ದೆ ನುಂಗಿ ಸಂಜೆವರೆಗೆ ನೇಗಿಲು ಹಿಡಿಯುತ್ತಿದ್ದರು. ಆ ಗ್ಲೂಕೋಸ್ ಪೂರ್ತಿ ತೋಳಿನಲ್ಲಿ, ಕಾಲಿನಲ್ಲಿ ಉರಿದುಹೋಗುತ್ತಿತ್ತು. ನಾವು ಅದೇ ಅಳತೆಯ ಮುದ್ದೆ ತಿಂದು ಅಂಗಡಿ ಗಲ್ಲಾದ ಮುಂದೆ ಕೂರುತ್ತೇವೆ. ಸಾಯಂಕಾಲ ಮತ್ತೆ ಒಂದು ಲೋಟ ರಾಗಿ ಮಾಲ್ಟ್ ಕುಡಿಯುತ್ತೇವೆ, ಅದೂ ಬೆಲ್ಲ ಹಾಕಿ. ನುಣ್ಣಗೆ ಬೀಸಿ, ತೆಳ್ಳಗೆ ಕಾಯಿಸಿದ ಹಿಟ್ಟು ಹೊಟ್ಟೆಗೆ ಬಿದ್ದ ತಕ್ಷಣ ಕರಗಲು ಶುರುವಾಗುತ್ತದೆ. ಅಗಿಯುವ ಕೆಲಸವೂ ಇಲ್ಲ. ಶುಗರ್ ಇರುವವರು ಮಾಲ್ಟ್ ಅನ್ನು ಪಥ್ಯ ಅಂದುಕೊಂಡು ದಿನಾ ಕುಡಿಯುವುದನ್ನು ನೋಡಿದರೆ ನನಗೆ ನಿಜವಾಗಿಯೂ ಸಂಕಟ ಆಗುತ್ತದೆ.

ಹಾಗಾದರೆ ತಿನ್ನುವುದೇನು? ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ. ಬಸ್ಸಾರು ಗೊತ್ತಲ್ವಾ? ಕುಕ್ಕರಿನಲ್ಲಿ ಹೆಸರುಕಾಳೋ ಹುರುಳಿಕಾಳೋ ಬೇಯುತ್ತದೆ. ಮುಕ್ಕಾಲು ಬೆಂದ ಮೇಲೆ ಹೆಚ್ಚಿದ ದಂಟಿನ ಸೊಪ್ಪು, ಸಬ್ಬಸಿಗೆ ಸೊಪ್ಪು ಬೀಳುತ್ತದೆ. ಆಮೇಲೆ ಕಟ್ಟು ಬಸಿಯುತ್ತೇವೆ. ಆ ಕಟ್ಟಿಗೆ ಬೆಳ್ಳುಳ್ಳಿ, ಜೀರಿಗೆ, ಒಣಮೆಣಸಿನಕಾಯಿ, ಹುಣಸೆಹಣ್ಣು ಅರೆದು ಹಾಕಿದರೆ ಸಾರು. ಬಸಿದು ಉಳಿದ ಕಾಳು-ಸೊಪ್ಪಿಗೆ ಈರುಳ್ಳಿ ಒಗ್ಗರಣೆ, ಕಾಯಿತುರಿ ಹಾಕಿದರೆ ಪಲ್ಯ. ಒಂದೇ ಪಾತ್ರೆಯಲ್ಲಿ ಪ್ರೋಟೀನು, ನಾರು ಎರಡೂ ಬಂತು. ಸಕ್ಕರೆ ಕಾಯಿಲೆಗೆ ಇದಕ್ಕಿಂತ ಒಳ್ಳೆಯ ಅಡುಗೆಯನ್ನು ನಾನು ಯಾವ ಪುಸ್ತಕದಲ್ಲೂ ನೋಡಿಲ್ಲ. ಆದರೆ ನಾವು ತಿನ್ನುವುದು ಹೇಗೆ? ಮುದ್ದೆ ತಟ್ಟೆಯ ಮಧ್ಯದಲ್ಲಿ ಗುಡ್ಡದ ಹಾಗೆ, ಸಾರು ಸುತ್ತ ಕೆರೆಯ ಹಾಗೆ. ಪಲ್ಯ ಅಂಚಿನಲ್ಲಿ ಒಂದು ಚಮಚ, ನಂಚಿಕೊಳ್ಳೋಕೆ.

ಇದನ್ನು ತಿರುಗಿಸಿ. ಅರ್ಧ ತಟ್ಟೆ ಸೊಪ್ಪು-ತರಕಾರಿ. ಕಾಲು ಭಾಗ ಕಾಳು, ಬೇಳೆ, ಮೊಟ್ಟೆ, ಮೀನು, ಏನು ತಿನ್ನುತ್ತೀರೋ ಅದು. ಉಳಿದ ಕಾಲು ಭಾಗಕ್ಕೆ ಅನ್ನವೋ ಮುದ್ದೆಯೋ. ಅಂದರೆ ಮುದ್ದೆ ಒಂದು ಕಿತ್ತಳೆ ಹಣ್ಣಿನಷ್ಟು. ಆ ಅಮ್ಮನ 330 ಗ್ರಾಂ ಅನ್ನ 150ಕ್ಕೆ ಇಳಿಯಬೇಕು. ಒಂದೇ ದಿನದಲ್ಲಿ ಇಳಿಸಬೇಡಿ, ಹಸಿವಾಗಿ ರಾತ್ರಿ ಚಕ್ಕುಲಿ ಡಬ್ಬಿ ತೆಗೆಯುವಂತಾಗುತ್ತದೆ. ಮೊದಲ ವಾರ ಅರ್ಧ ಸೌಟು ಅನ್ನ ತೆಗೆದು ಒಂದು ಸೌಟು ಪಲ್ಯ ಸೇರಿಸಿ. ಹೊಟ್ಟೆ ತುಂಬಿದ ಹಾಗೇ ಇರುತ್ತದೆ.

ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ಮೇಡಂ, ಬೆಳಿಗ್ಗೆ ತಿಂಡಿಗೆ ಏನ್ಮಾಡೋದು? ಅದು ಪೂರ್ತಿ ಅಕ್ಕಿನೇ ಅಲ್ವಾ?" ಎಂದು ಕೇಳಿದರು. ಹೌದು, ಇಡ್ಲಿ, ದೋಸೆ, ಚಿತ್ರಾನ್ನ, ಅವಲಕ್ಕಿ ಎಲ್ಲ ಒಂದೇ ಕುಲ. ಉಪ್ಪಿಟ್ಟು ಗೋಧಿಯದಾದರೂ ಪಿಷ್ಟವೇ. ನಾಲ್ಕು ಇಡ್ಲಿ ತಿನ್ನುವವರು ಎರಡು ಇಡ್ಲಿಗೆ ನಿಲ್ಲಿಸಿ, ಒಂದು ಬಟ್ಟಲು ಗಟ್ಟಿ ಸಾಂಬಾರ್, ಒಂದು ಬಟ್ಟಲು ಹೆಸರುಕಾಳಿನ ಉಸಲಿ ಸೇರಿಸಿಕೊಳ್ಳಿ. ವಾರದಲ್ಲಿ ಎರಡು ದಿನ ಅಕ್ಕಿ ದೋಸೆಯ ಬದಲು ಹೆಸರುಕಾಳು ನೆನೆಸಿ ರುಬ್ಬಿದ ದೋಸೆ ಮಾಡಿ. ಅಕ್ಕಿ ರೊಟ್ಟಿ ಇಷ್ಟ ಅನ್ನುವವರು ಹಿಟ್ಟಿನಷ್ಟೇ ಸೊಪ್ಪು, ಸೌತೆಕಾಯಿ ತುರಿ ಹಾಕಿ ತಟ್ಟಿ, ಒಂದೇ ತಿನ್ನಿ. ಅವರೆಕಾಯಿ ಕಾಲದಲ್ಲಂತೂ ನಮಗೆ ಯಾವ ಕೊರತೆಯೂ ಇಲ್ಲ.

ತಿನ್ನುವ ಕ್ರಮವೂ ಕೆಲಸ ಮಾಡುತ್ತದೆ. 2015ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಸಣ್ಣ ಅಧ್ಯಯನ ನಡೆಯಿತು, ಬರೀ 11 ಜನರದ್ದು. ಎಲ್ಲರಿಗೂ ಶುಗರ್ ಇತ್ತು. ಒಂದು ದಿನ ಬ್ರೆಡ್ ಮೊದಲು, ತರಕಾರಿ-ಮಾಂಸ ಆಮೇಲೆ ಕೊಟ್ಟರು. ಇನ್ನೊಂದು ದಿನ ಅದೇ ಊಟ, ಅಷ್ಟೇ ಪ್ರಮಾಣ, ತರಕಾರಿ-ಮಾಂಸ ಮೊದಲು. ಎರಡನೇ ದಿನ ಊಟದ ಒಂದು ಗಂಟೆಯ ನಂತರ ರಕ್ತದ ಸಕ್ಕರೆ ಶೇಕಡಾ 37ರಷ್ಟು ಕಡಿಮೆ ಇತ್ತು. ಆಮೇಲೆ ಬೇರೆ ಕಡೆಯ ಅಧ್ಯಯನಗಳಲ್ಲೂ ಇದೇ ಜಾಡು ಕಂಡಿದೆ. ಓದಿದಾಗ ನನಗೆ ನಮ್ಮ ಬಾಳೆ ಎಲೆ ನೆನಪಾಯಿತು. ಎಲೆಯ ಮೇಲೆ ಮೊದಲು ಕೋಸಂಬರಿ ಬೀಳುತ್ತದೆ, ನೆನೆಸಿದ ಹೆಸರುಬೇಳೆ, ಸೌತೆಕಾಯಿ. ಆಮೇಲೆ ಪಲ್ಯಗಳು. ಅನ್ನ ಆಮೇಲೆ. ಅನ್ನ ಬರುವ ತನಕ ನಾವು ಎಲೆ ನೋಡುತ್ತಾ ಕೂರುತ್ತೇವೆ, ಅಷ್ಟೇ. ಆ ಹೊತ್ತಿನಲ್ಲಿ ಕೋಸಂಬರಿ, ಪಲ್ಯ ತಿಂದು ಮುಗಿಸಿದರೆ ಆಯ್ತು.

ನಾನು ಹೇಳಿದ್ದನ್ನು ನಂಬಲೇಬೇಕು ಅಂತಿಲ್ಲ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ನೀವೇ ಪರೀಕ್ಷೆ ಮಾಡಿ. ಸೋಮವಾರ ಎಂದಿನ ಊಟ. ಮೊದಲ ತುತ್ತಿನಿಂದ ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿ, ಕ್ಯಾಲೆಂಡರಿನಲ್ಲಿ ಬರೆದಿಡಿ. ಮಂಗಳವಾರ ಅದೇ ಸಾರು, ಅರ್ಧ ಅನ್ನ, ಎರಡರಷ್ಟು ಪಲ್ಯ. ಊಟ ಆಗಿ ಹತ್ತು ಹದಿನೈದು ನಿಮಿಷ ಬೀದಿಯ ಕೊನೆಯವರೆಗೆ ನಡೆದು ಬನ್ನಿ. ಮತ್ತೆ ಅದೇ ಹೊತ್ತಿಗೆ ಚುಚ್ಚಿ ನೋಡಿ. ನಡೆಯುವಾಗ ಕಾಲಿನ ಸ್ನಾಯು ರಕ್ತದಿಂದ ಗ್ಲೂಕೋಸನ್ನು ನೇರವಾಗಿ ಎಳೆದುಕೊಳ್ಳುತ್ತದೆ. ಎರಡು ಗಂಟೆಯ ಸಂಖ್ಯೆ 180ರ ಒಳಗಿರಲಿ ಎನ್ನುವುದು ಸಾಮಾನ್ಯ ಗುರಿ. ವಯಸ್ಸಾದವರಿಗೆ, ಗರ್ಭಿಣಿಯರಿಗೆ ಗುರಿ ಬೇರೆ ಇರುತ್ತದೆ, ಡಾಕ್ಟರನ್ನು ಕೇಳಿ. ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ತಪ್ಪಿಸಬೇಡಿ. ಹಿಂದಿನ ದಿನ ಉಪವಾಸ ಮಾಡಿ ಅದನ್ನು ಮೆಚ್ಚಿಸಲು ಆಗುವುದಿಲ್ಲ. ಎರಡು ಮೂರು ತಿಂಗಳ ಊಟ ಪೂರ್ತಿ ಅದರಲ್ಲಿ ಬರೆದಿರುತ್ತದೆ.

ಈಗ ಸಿಹಿಯ ವಿಷಯಕ್ಕೆ ಬರೋಣ. ಬಾಗಿಲ ಹತ್ತಿರ ಕೂತಿದ್ದ ರೈತರೊಬ್ಬರು ಆಗಲೇ ಕೈ ಎತ್ತಿದ್ದರು. "ನಮ್ದೇ ಕಬ್ಬು, ನಮ್ದೇ ಆಲೆಮನೆ. ಕೆಮಿಕಲ್ ಹಾಕಲ್ಲ. ಆ ಬೆಲ್ಲ ತಿಂದ್ರೆ ತೊಂದ್ರೆ ಇಲ್ಲ ಅಲ್ವಾ ಮೇಡಂ?" ಅಷ್ಟು ಪ್ರೀತಿಯಿಂದ ಕೇಳಿದವರಿಗೆ ಇಲ್ಲ ಅನ್ನುವುದು ಕಷ್ಟ. ಆದರೂ ಹೇಳಬೇಕು. ಕೆಮಿಕಲ್ ಹಾಕದ ಬೆಲ್ಲ ಒಳ್ಳೆಯ ಬೆಲ್ಲ, ನಿಜ. ಆದರೆ ಸಕ್ಕರೆಯೂ ಬೆಲ್ಲವೂ ಒಂದೇ ಕಬ್ಬಿನ ಹಾಲಿನ ಮಕ್ಕಳು. ಬೆಲ್ಲದ ತೂಕದಲ್ಲಿ ಬಹುಪಾಲು ಸಕ್ಕರೆಯೇ. ಕಬ್ಬಿಣದ ಅಂಶ ಸ್ವಲ್ಪ ಇದೆ. ಆದರೆ ಕಾಫಿಗೆ ಹಾಕುವ ಚೂರು ಬೆಲ್ಲದಿಂದ ಸಿಗುವ ಕಬ್ಬಿಣ ಒಂದು ಹಿಡಿ ಸೊಪ್ಪಿನಿಂದಲೂ ಸಿಗುತ್ತದೆ, ಸಕ್ಕರೆ ಏರಿಸದೆ. ಜೇನುತುಪ್ಪ, ತಾಳೆಬೆಲ್ಲ, ತೆಂಗಿನ ಸಕ್ಕರೆ, ಖರ್ಜೂರದ ಪಾಕ, ಎಲ್ಲದಕ್ಕೂ ಇದೇ ಉತ್ತರ. ಬೆಲ್ಲದ ದೊಡ್ಡ ಅಪಾಯ ಅದರ ಒಳ್ಳೆಯ ಹೆಸರಿನಲ್ಲೇ ಇದೆ. ಸಕ್ಕರೆ ಹಾಕುವಾಗ ಕೈ ತಡೆಯುವವರು ಬೆಲ್ಲ ಹಾಕುವಾಗ ತಡೆಯುವುದಿಲ್ಲ.

ಇನ್ನು ಶುಗರ್ ಫ್ರೀ ಗುಳಿಗೆ, ಪುಡಿ, ಹನಿಗಳು. ಇವುಗಳ ಬಗ್ಗೆ ಎರಡು ತರಹದ ಜನ ಇದ್ದಾರೆ. ಒಬ್ಬರು ವಿಷ ಅನ್ನುತ್ತಾರೆ, ಇನ್ನೊಬ್ಬರು ಔಷಧಿ ಅನ್ನುತ್ತಾರೆ. ಎರಡೂ ಅಲ್ಲ. ಇವು ಬರೀ ಸಿಹಿ. ರಕ್ತದ ಸಕ್ಕರೆಯನ್ನು ಏರಿಸುವುದಿಲ್ಲ, ಇಳಿಸುವುದೂ ಇಲ್ಲ.

ಇವುಗಳಲ್ಲಿ ಹಳೆಯದು ಸ್ಯಾಕರಿನ್. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕೆಲಸ ಮುಗಿಸಿ ಊಟಕ್ಕೆ ಕೂತ ಕಾನ್‌ಸ್ಟಂಟಿನ್ ಫಾಲ್ಬರ್ಗ್ ಎಂಬ ರಸಾಯನಶಾಸ್ತ್ರಜ್ಞನಿಗೆ ಕೈಯೆಲ್ಲ ಸಿಹಿಯಾಗಿರುವುದು ಗೊತ್ತಾಯಿತು. ಹಾಗೆ ಸಿಕ್ಕಿದ್ದು ಅದು. ಈಗ ನಮ್ಮ ಅಂಗಡಿಗಳಲ್ಲಿ ಹೆಚ್ಚು ಸಿಗುವುದು ಆಸ್ಪರ್ಟೇಮ್, ಸುಕ್ರಲೋಸ್, ಸ್ಟೀವಿಯಾ. ಆಸ್ಪರ್ಟೇಮ್ ಸಕ್ಕರೆಗಿಂತ 200 ಪಟ್ಟು ಸಿಹಿ. ಆದರೆ ಒಲೆಯ ಮೇಲೆ ಕುದಿಸಿದರೆ ಅದರ ಸಿಹಿ ಹೋಗುತ್ತದೆ, ಅದಕ್ಕೇ ಕಾಫಿಯನ್ನು ಲೋಟಕ್ಕೆ ಬಗ್ಗಿಸಿದ ಮೇಲೆ ಹಾಕಬೇಕು. ಫಿನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟಿನಿಂದ ಬರುವ ಅಪರೂಪದ ತೊಂದರೆ ಇರುವವರು ಇದನ್ನು ಮುಟ್ಟಲೇಬಾರದು. ಸುಕ್ರಲೋಸ್ 600 ಪಟ್ಟು ಸಿಹಿ. ಪಾಯಸದ ಬಿಸಿಯನ್ನು ತಡೆದುಕೊಳ್ಳುತ್ತದೆ. ಸ್ಟೀವಿಯಾ ಪರಾಗ್ವೆ ಕಡೆಯ ಒಂದು ಗಿಡದ ಎಲೆ. ಅದರಿಂದ ತೆಗೆದ ಸಿಹಿಗೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಒಪ್ಪಿಗೆ ಕೊಟ್ಟಿತು. ಕೊನೆಗೆ ನಾಲಿಗೆಯ ಮೇಲೆ ಸ್ವಲ್ಪ ಕಹಿ ಉಳಿಯುತ್ತದೆ, ಕೆಲವರಿಗೆ ಹಿಡಿಸುವುದಿಲ್ಲ.

"ಅದನ್ನ ತಿಂದ್ರೆ ಕ್ಯಾನ್ಸರ್ ಬರುತ್ತಂತೆ?" ಎಂಬ ಪ್ರಶ್ನೆ ಬಂತು, ಬರಲೇಬೇಕಿತ್ತು. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಆಸ್ಪರ್ಟೇಮನ್ನು "ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು" ಎಂಬ ಗುಂಪಿಗೆ ಸೇರಿಸಿತು. ಪುರಾವೆ ಸೀಮಿತ ಎಂದೂ ಹೇಳಿತು. ಅದೇ ಹೊತ್ತಿಗೆ ಆಹಾರ ಸೇರ್ಪಡೆಗಳ ತಜ್ಞರ ಸಮಿತಿ ಹಳೆಯ ಮಿತಿಯನ್ನೇ ಉಳಿಸಿತು. ದಿನಕ್ಕೆ ದೇಹದ ತೂಕದ ಕಿಲೋ ಒಂದಕ್ಕೆ 40 ಮಿಲಿಗ್ರಾಂ. 60 ಕಿಲೋ ತೂಕದವರಿಗೆ 2,400 ಮಿಲಿಗ್ರಾಂ ಆಯ್ತು. ಒಂದು ಗುಳಿಗೆಯಲ್ಲಿ ಸಾಮಾನ್ಯವಾಗಿ 20 ಮಿಲಿಗ್ರಾಂ ಒಳಗೆ ಇರುತ್ತದೆ. ಅಂದರೆ ನೂರಕ್ಕೂ ಹೆಚ್ಚು ಗುಳಿಗೆ. ಎರಡು ಕಾಫಿಗೆ ಎರಡು ಗುಳಿಗೆ ಹಾಕಿಕೊಳ್ಳುವ ಅಜ್ಜಿ ಹೆದರಬೇಕಾಗಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಅದೇ ಸಂಸ್ಥೆ ಇನ್ನೊಂದು ಸಲಹೆ ಕೊಟ್ಟಿತ್ತು: ತೂಕ ಇಳಿಸಲು ಈ ಸಿಹಿಗಳನ್ನು ನಂಬಬೇಡಿ ಅಂತ. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ ಎಂದೂ ಅದರಲ್ಲೇ ಹೇಳಿದೆ. ಆ ಸಾಲು ಮಾತ್ರ ಪೇಪರು, ವಾಟ್ಸಾಪ್‌ಗಳಲ್ಲಿ ಜಾಸ್ತಿ ಓಡಾಡಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಸಿಹಿ ಇಲ್ಲದೆ ಕಾಫಿ ಇಳಿಯುವುದೇ ಇಲ್ಲ ಅನ್ನುವವರಿಗೆ ದಿನಕ್ಕೆ ಒಂದೆರಡು ಗುಳಿಗೆ ಇರಲಿ. ಆದರೆ ನಾಲಿಗೆಯನ್ನೂ ಪಳಗಿಸಬಹುದು. ಎರಡು ಚಮಚದಿಂದ ಒಂದೂವರೆಗೆ ಇಳಿಸಿ ಎರಡು ವಾರ ಇರಿ. ಆಮೇಲೆ ಒಂದು. ಆಮೇಲೆ ಅರ್ಧ. ಡಿಕಾಕ್ಷನ್ ಒಳ್ಳೆಯದಿದ್ದರೆ ಅರ್ಧ ಚಮಚದಲ್ಲಿ ಕಾಫಿಯ ರುಚಿ ಜಾಸ್ತಿ ಗೊತ್ತಾಗುತ್ತದೆ. ಇದು ನಾನೇ ಕಂಡುಕೊಂಡದ್ದು.

ನನಗೆ ಚಿಂತೆ ಗುಳಿಗೆಯದಲ್ಲ, ಬೇಕರಿಯ ಗಾಜಿನ ಪೆಟ್ಟಿಗೆಯದು. ಶುಗರ್ ಫ್ರೀ ಬಿಸ್ಕತ್ತು, ಶುಗರ್ ಫ್ರೀ ಮೈಸೂರು ಪಾಕ್. ಇವತ್ತು ಒಂದು ಬಿಸ್ಕತ್ತಿನ ಪೊಟ್ಟಣ ತಂದಿದ್ದೇನೆ, ಹಿಂದೆ ತಿರುಗಿಸಿ ಓದೋಣ. ಸಕ್ಕರೆ ಸೊನ್ನೆ. ಅದರ ಮೇಲಿನ ಸಾಲು ನೋಡಿ, ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ, ಸಕ್ಕರೆ ಎಲ್ಲ ಸೇರಿ, 100 ಗ್ರಾಂಗೆ 68 ಗ್ರಾಂ. ಮೈದಾ ಎಲ್ಲಿಗೆ ಹೋಗುತ್ತದೆ? ಅಲ್ಲೇ ಇದೆ. ಪೊಟ್ಟಣ ತಗೊಂಡರೆ ಈ ಸಾಲನ್ನೇ ಮೊದಲು ಓದಿ. ಪುಡಿಯ ರೂಪದ ಸಿಹಿಗಳಲ್ಲೂ ಗಾತ್ರಕ್ಕೆಂದು ಮಾಲ್ಟೋಡೆಕ್ಸ್ಟ್ರಿನ್ ಸೇರಿಸಿರುತ್ತಾರೆ, ಅದೂ ಪಿಷ್ಟದ ಮಗುವೇ. ಸಿಹಿತಿಂಡಿಗಳಲ್ಲಿ ಮಾಲ್ಟಿಟಾಲ್, ಸಾರ್ಬಿಟಾಲ್ ಹಾಕುತ್ತಾರೆ. ಅವು ಸಕ್ಕರೆಯನ್ನು ಕಡಿಮೆ ಏರಿಸುತ್ತವೆ, ಆದರೆ ಏರಿಸುತ್ತವೆ. ಜಾಸ್ತಿ ತಿಂದರೆ ಹೊಟ್ಟೆ ಉಬ್ಬರಿಸಿ ಭೇದಿ ಆಗುತ್ತದೆ.

ಇನ್ನು ನಾನು ಹೇಳುವುದು ನಮ್ಮ ಮನೆಯಲ್ಲಿ ನಡೆದದ್ದು. ನಾನು ಆಗ ಕಾಲೇಜಿನಲ್ಲಿದ್ದೆ. ಅಪ್ಪನಿಗೆ ಶುಗರ್ ಶುರುವಾಗಿ ನಾಲ್ಕು ವರ್ಷ ಆಗಿತ್ತು. ಗ್ಲಿಮೆಪಿರೈಡ್ ಜಾತಿಯ ಮಾತ್ರೆ ತಗೊಳ್ಳುತ್ತಿದ್ದರು. ಅದು ಊಟ ಆಗಿರಲಿ ಬಿಡಲಿ ದೇಹದಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ. ಅವತ್ತು ಏಕಾದಶಿ. ಅಪ್ಪ ಅಭ್ಯಾಸದಂತೆ ಬೆಳಿಗ್ಗೆ ಮಾತ್ರೆ ನುಂಗಿದರು, ಊಟ ಮಾಡಲಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ಅಂಗಡಿಗೆ ಹೊರಟವರು ಕನ್ನಡಿ ಮುಂದೆ ನಿಂತು ಅಂಗಿಯ ಗುಂಡಿ ಹಾಕಿಕೊಳ್ಳಲು ನೋಡುತ್ತಿದ್ದರು. ಗುಂಡಿ ಕಾಜಾಕ್ಕೆ ಹೋಗುತ್ತಲೇ ಇಲ್ಲ. ಬೆರಳು ನಡುಗುತ್ತಿತ್ತು. ಕುತ್ತಿಗೆ ತುಂಬ ಬೆವರು. ಏನಪ್ಪಾ ಅಂದರೆ ಸಿಟ್ಟಿನಿಂದ ಏನೋ ತೊದಲಿದರು.

ಅಮ್ಮ ಒಳಗೆ ಓಡಿ ಬಿಸಿ ಕಾಫಿ ತಂದಳು. ಎಂದಿನಂತೆ ಎರಡು ಶುಗರ್ ಫ್ರೀ ಗುಳಿಗೆ ಹಾಕಿದ್ದಳು. ನಾಲ್ಕು ವರ್ಷದಿಂದ ಅವಳಿಗೆ ಹೇಳಿದ್ದು ಒಂದೇ ಮಾತು, ಅವರಿಗೆ ಸಕ್ಕರೆ ಕೊಡಬೇಡಿ. ಅಪ್ಪ ಕಾಫಿ ಕುಡಿದರು. ಹತ್ತು ನಿಮಿಷ ಆಯಿತು. ಕಣ್ಣು ಇನ್ನೂ ಮಂಜಾಗುತ್ತಾ ಹೋಯಿತು. ಗಲಾಟೆ ಕೇಳಿ ಬಂದ ಪಕ್ಕದ ಮನೆ ಅತ್ತೆ, ತಾನೂ ಶುಗರ್ ಇದ್ದವರು, ನೋಡಿದ ಕೂಡಲೇ "ಲೋ ಆಗಿದೆ ಕಣೇ, ಸಕ್ಕರೆ ತಾ" ಅಂದರು. ಲೋ ಅಂದರೆ ರಕ್ತದ ಸಕ್ಕರೆ ಕುಸಿಯುವುದು. ಅರ್ಧ ಲೋಟ ನೀರಿಗೆ ಮೂರು ಚಮಚ ಸಕ್ಕರೆ ಕದಡಿ ಕುಡಿಸಿದರು. ಕಾಲು ಗಂಟೆಯಲ್ಲಿ ಅಪ್ಪ ನಮ್ಮನ್ನು ಗುರುತು ಹಿಡಿದು ಮಾತಾಡಿದರು. ಅಮ್ಮ ಆ ಕಾಫಿ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಅವಳ ತಪ್ಪು ಏನೂ ಇರಲಿಲ್ಲ. ಗೊತ್ತಿರಲಿಲ್ಲ, ಅಷ್ಟೇ. ಊಟ ಮತ್ತು ಸಕ್ಕರೆ ಕಾಯಿಲೆಯ ಈ ಓದಿಗೆ ನಾನು ಬಂದದ್ದು ಆ ಸಂಜೆಯಿಂದ.

ಅದಕ್ಕೇ ದಯವಿಟ್ಟು ಇದನ್ನು ಬರೆದುಕೊಳ್ಳಿ. ಮಾತ್ರೆ, ಇನ್ಸುಲಿನ್ ತಗೊಳ್ಳುವವರಿಗೆ ನಡುಕ, ಬೆವರು, ವಿಪರೀತ ಹಸಿವು, ಗೊಂದಲ ಕಂಡರೆ, ಮೀಟರಿನಲ್ಲಿ 70ಕ್ಕಿಂತ ಕೆಳಗೆ ತೋರಿಸಿದರೆ, ನಿಜವಾದ ಸಕ್ಕರೆ ಬೇಕು. ಮೂರು ಚಮಚ, ಅಂದರೆ 15 ಗ್ರಾಂ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಚೇತರಿಸಿಕೊಂಡ ಮೇಲೆ ಏನಾದರೂ ತಿನ್ನಲು ಕೊಡಿ. ಶುಗರ್ ಫ್ರೀ ಆ ಹೊತ್ತಿನಲ್ಲಿ ನೀರಿಗೆ ಸಮ. ಅಕಾರ್ಬೋಸ್, ವೋಗ್ಲಿಬೋಸ್ ಮಾತ್ರೆ ತಗೊಳ್ಳುವವರಿಗೆ ಸಕ್ಕರೆಯೂ ಬೇಗ ಒಡೆಯುವುದಿಲ್ಲ, ಅವರು ಮೆಡಿಕಲ್ ಶಾಪಿನಲ್ಲಿ ಸಿಗುವ ಗ್ಲೂಕೋಸ್ ಪುಡಿಯನ್ನೇ ಜೊತೆಗಿಟ್ಟುಕೊಳ್ಳಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಸುರಿಯಬೇಡಿ, ಆಸ್ಪತ್ರೆಗೆ ಓಡಿ. ಇವತ್ತು ನಾನು ಹೇಳಿದ ಹಾಗೆ ಅನ್ನ, ಮುದ್ದೆ ಕಡಿಮೆ ಮಾಡುವವರು ಮೊದಲೇ ಡಾಕ್ಟರಿಗೆ ತಿಳಿಸಿ. ಊಟ ಇಳಿದು ಮಾತ್ರೆ ಹಾಗೇ ಇದ್ದರೆ ಲೋ ಆಗಬಹುದು. ಉಪವಾಸದ ದಿನಕ್ಕೂ ಅದೇ ಮಾತು. ನಮ್ಮಪ್ಪ ಆಮೇಲೆ ಯಾವತ್ತೂ ಅಂಗಿಯ ಜೇಬಿನಲ್ಲಿ ಪೇಪರಿನ ಸಕ್ಕರೆ ಪೊಟ್ಟಣ ಇಲ್ಲದೆ ಹೊರಗೆ ಹೋಗಲಿಲ್ಲ.

ಇನ್ನು ಕೆಲವು ಪ್ರಶ್ನೆಗಳಿಗೆ ಚುಟುಕಾಗಿ ಹೇಳುತ್ತೇನೆ. ಮೆಂತ್ಯಕಾಳಿನ ನಾರು ಸಕ್ಕರೆ ಹೀರುವುದನ್ನು ನಿಧಾನ ಮಾಡುತ್ತದೆ, ತಿನ್ನಿ. ಹಾಗಲಕಾಯಿ ಪಲ್ಯವೂ ಒಳ್ಳೆಯದು. ಅವು ಮಾತ್ರೆಯ ಜಾಗಕ್ಕೆ ಬರುವುದಿಲ್ಲ. ಬೆಳಿಗ್ಗೆ ಸೋರೆಕಾಯಿ ರಸ ಕುಡಿಯುವವರು ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡಿ. ಕಹಿ ಇದ್ದರೆ ಚೆಲ್ಲಿಬಿಡಿ, ಆ ಕಹಿ ಜೀವಕ್ಕೇ ಅಪಾಯ. ಹಣ್ಣು ತಿನ್ನಬಹುದು, ಜ್ಯೂಸ್ ಬೇಡ. ಸೀಬೆ, ಪಪ್ಪಾಯಿ, ನೇರಳೆ ಇರಲಿ. ಮಾವಿನಹಣ್ಣಿನ ಕಾಲದಲ್ಲಿ ಅರ್ಧ ಹಣ್ಣು, ಅದೂ ಊಟದ ಜೊತೆ ಬೇಡ, ಮಧ್ಯೆ. ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ತಗೊಳ್ಳುವವರು, ಅದರಲ್ಲೂ ಸಸ್ಯಾಹಾರಿಗಳು, ಬಿ12 ಪರೀಕ್ಷೆ ಮಾಡಿಸಿ. ಕಿಡ್ನಿ ತೊಂದರೆ ಇರುವವರಿಗೆ ಕಾಳು, ಸೊಪ್ಪಿನ ಲೆಕ್ಕ ಬೇರೆ, ನಾನು ಹೇಳಿದ ತಟ್ಟೆಯನ್ನು ನೇರವಾಗಿ ಅನುಸರಿಸಬೇಡಿ. ಮಕ್ಕಳಿಗೆ ಬರುವ ಟೈಪ್ 1ಕ್ಕೂ ಅಷ್ಟೇ. ಅಲ್ಲಿ ಇನ್ಸುಲಿನ್ ಒಂದು ದಿನವೂ ತಪ್ಪಬಾರದು.

ಕೊನೆಗೆ ಒಬ್ಬರು ಅಜ್ಜಿ ಕೋಲೂರಿಕೊಂಡು ಮೇಜಿನ ಹತ್ತಿರವೇ ಬಂದರು. "ನೀನು ಹೇಳಿದ್ದೆಲ್ಲ ಸರಿ ಕಣಮ್ಮ. ನಾಳೆ ಮೊಮ್ಮಗಳ ಮದುವೆ. ಹೋಳಿಗೆ ಊಟ. ನಾನೇನು ಮಾಡ್ಲಿ?" ಅಂದರು.

ಹೋಳಿಗೆ ತಿನ್ನಿ ಅಜ್ಜಿ, ಒಂದು ತಿನ್ನಿ. ಮೊಮ್ಮಗಳ ಮದುವೆ ಮತ್ತೆ ಬರುವುದಿಲ್ಲ. ಕೋಸಂಬರಿ ಬಂದಾಗ ಎರಡನೇ ಸಲ ಕೇಳಿ ಹಾಕಿಸಿಕೊಳ್ಳಿ, ಪಲ್ಯ ಎರಡನ್ನೂ ಮೊದಲು ಖಾಲಿ ಮಾಡಿ. ಆಮೇಲೆ ಹೋಳಿಗೆ, ಮೇಲೆ ಒಂದು ಚಮಚ ತುಪ್ಪ. ಹಾಲು-ಸಕ್ಕರೆ ಸುರಿಯಲು ಬಂದರೆ ಕೈ ಅಡ್ಡ ಹಿಡಿಯಿರಿ. ಅವತ್ತು ಅನ್ನ ಒಂದು ಹಿಡಿ, ಸಾರಿಗೆ ಮಾತ್ರ. ಚಿತ್ರಾನ್ನ, ಪಾಯಸ ಬೇಡ. ಬೆಳಿಗ್ಗೆ ಮಾತ್ರೆ ತಗೊಂಡರೆ ತಿಂಡಿಯನ್ನೂ ತಿನ್ನಿ, ಮುಹೂರ್ತ ಮುಗಿಯಲಿ ಅಂತ ಹಸಿದು ಕೂರಬೇಡಿ. ಊಟ ಆದ ಮೇಲೆ ಕುರ್ಚಿ ಹುಡುಕಬೇಡಿ. ಮಗನ ಕೈ ಹಿಡಿದು ಛತ್ರದ ಅಂಗಳದಲ್ಲಿ ನಾಲ್ಕು ಸುತ್ತು ಹಾಕಿ, ಬಂದ ನೆಂಟರನ್ನೆಲ್ಲ ಮಾತಾಡಿಸಿಕೊಂಡು.